ಇಂಟರ್ನೆಟ್ಟಿನ ಶಾನುಭೋಗ: ಜಾನ್ ಪೋಸ್ಟೆಲ್

ಕ್ಲೌಡ್‌ನಲ್ಲಿ ಒಂದು ಲಿನಕ್ಸ್ ಸರ್ವರ್ ಶುರು ಮಾಡಿ, ಅದರ ನೆಟ್‌ವರ್ಕ್ ಕಾರ್ಡಿಗೆ ಏನು ಹೆಸರಿದೆ ಅಂತ ನೋಡಿ. ಒಂದು ಇಮೇಜ್‌ನಲ್ಲಿ ಈಥ್0 ಅಂತ ಇರುತ್ತೆ. ಇನ್ನೊಂದರಲ್ಲಿ ಇಎನ್‌ಎಸ್5. ನಮ್ಮ ಲ್ಯಾಪ್‌ಟಾಪ್‌ನಲ್ಲೇ ವರ್ಚುವಲ್‌ಬಾಕ್ಸ್ ಒಳಗೆ ಉಬುಂಟು ಹಾಕಿದರೆ ಇಎನ್‌ಪಿ0ಎಸ್3. ಮಾಡೋ ಕೆಲಸ ಒಂದೇ, ಹೆಸರು ಮಾತ್ರ ಊರಿಗೊಂದು.

ಆದರೆ ಅದೇ ಸರ್ವರ್‌ಗೆ ಹೊರಗಿನಿಂದ ಎಸ್‌ಎಸ್‌ಎಚ್ ಮೂಲಕ ಹೋಗಬೇಕು ಅಂದರೆ ಪೋರ್ಟ್ 22. ಯಾವ ಕಂಪನಿಯ ಕ್ಲೌಡ್ ಆಗಲಿ, ಯಾವ ದೇಶ ಆಗಲಿ, ಯಾರೂ ಬೇಕಂತಲೇ ಬದಲಾಯಿಸದಿದ್ದರೆ 22 ಅಂದರೆ 22. ವೆಬ್‌ಗೆ 80, ಡಿಎನ್‌ಎಸ್‌ಗೆ 53, ಮೇಲ್‌ಗೆ 25. ಇಂಟರ್ನಲ್ಸ್‌ಗೆ ಇದನ್ನ ಬಾಯಿಪಾಠ ಮಾಡಿದವರೇ ನಾವೆಲ್ಲ. ಆದರೆ ಈ ನಂಬರ್‌ಗಳು ಎಲ್ಲಿಂದ ಬಂದವು, ಪ್ರಪಂಚ ಪೂರ್ತಿ ಇವನ್ನೇ ಯಾಕೆ ಒಪ್ಪಿಕೊಂಡಿದೆ ಅಂತ ಕೇಳೋದು ಕಡಿಮೆ.

ಒಳಗಿನ ಹೆಸರು ಯಾಕೆ ಬದಲಾಗುತ್ತೆ ಅನ್ನೋದನ್ನ ಸ್ವಲ್ಪ ಆಮೇಲೆ ನೋಡೋಣ. ಹೊರಗಿನ ನಂಬರ್ ಯಾಕೆ ಬದಲಾಗಲ್ಲ ಅನ್ನೋದಕ್ಕೆ ಉತ್ತರ ಮಾತ್ರ ಒಬ್ಬ ಮನುಷ್ಯನ ಜೀವನದಲ್ಲೇ ಇದೆ. ಅವರ ಹೆಸರು ಜೊನಾಥನ್ ಬ್ರೂಸ್ ಪೋಸ್ಟೆಲ್. ಎಲ್ಲರೂ ಜಾನ್ ಅಂತಿದ್ದರು.

ಪೋಸ್ಟೆಲ್ ಹುಟ್ಟಿದ್ದು 1943ರ ಆಗಸ್ಟ್ 6ರಂದು, ಅಮೆರಿಕದ ಕ್ಯಾಲಿಫೋರ್ನಿಯಾದ ಆಲ್ಟಡೀನಾದಲ್ಲಿ. ಓದಿದ್ದು ಲಾಸ್ ಏಂಜಲೀಸ್‌ನ ವ್ಯಾನ್ ನೈಸ್ ಹೈಸ್ಕೂಲಿನಲ್ಲಿ. ಅದೇ ಸ್ಕೂಲಿನಲ್ಲಿ ವಿಂಟ್ ಸರ್ಫ್ ಮತ್ತು ಸ್ಟೀವ್ ಕ್ರಾಕರ್ ಕೂಡ ಓದಿದ್ದರು. ಒಂದೇ ಹೈಸ್ಕೂಲಿನಿಂದ ಬಂದ ಮೂವರು ಮುಂದೆ ಇಂಟರ್ನೆಟ್ ಕಟ್ಟೋದರಲ್ಲಿ ಕೈ ಜೋಡಿಸಿದರು ಅಂದರೆ ಆಶ್ಚರ್ಯ ಆಗುತ್ತೆ, ಆದರೆ ನಿಜ. ಆಮೇಲೆ ಪೋಸ್ಟೆಲ್ ಯುಸಿಎಲ್‌ಎ ವಿಶ್ವವಿದ್ಯಾಲಯ ಸೇರಿದರು. 1966ರಲ್ಲಿ ಎಂಜಿನಿಯರಿಂಗ್ ಪದವಿ, 1968ರಲ್ಲಿ ಮಾಸ್ಟರ್ಸ್, 1974ರಲ್ಲಿ ಕಂಪ್ಯೂಟರ್ ಸೈನ್ಸ್‌ನಲ್ಲಿ ಪಿಎಚ್‌ಡಿ.

ಯುಸಿಎಲ್‌ಎಯಲ್ಲಿ ಆಗ ಲಿಯೊನಾರ್ಡ್ ಕ್ಲೈನ್‌ರಾಕ್ ಅವರ ಲ್ಯಾಬ್ ಇತ್ತು. ಅಮೆರಿಕದ ರಕ್ಷಣಾ ಇಲಾಖೆಯ ದುಡ್ಡಿನಲ್ಲಿ ಕಟ್ಟುತ್ತಿದ್ದ ಆರ್ಪಾನೆಟ್‌ಗೆ ಮೊದಲನೇ ನೋಡ್ ಬಂದು ಕೂತಿದ್ದು ಅಲ್ಲೇ. 1969ರ ಅಕ್ಟೋಬರ್ 29ರ ರಾತ್ರಿ ಅಲ್ಲಿಂದ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ಗೆ ಲಾಗಿನ್ ಅನ್ನೋ ಪದ ಕಳಿಸೋಕೆ ನೋಡಿದರು. ಎಲ್ ಹೋಯ್ತು, ಓ ಹೋಯ್ತು, ಅಷ್ಟರಲ್ಲಿ ಆ ಕಡೆಯ ಸಿಸ್ಟಮ್ ಕ್ರ್ಯಾಶ್ ಆಯ್ತು. ಇವತ್ತು ಪ್ರತಿ ಲಿನಕ್ಸ್ ಯಂತ್ರದಲ್ಲೂ ಲೂಪ್‌ಬ್ಯಾಕ್ ಇಂಟರ್‌ಫೇಸ್‌ಗೆ ಅದೇ ಎರಡು ಅಕ್ಷರದ ಹೆಸರಿದೆ. ಇದು ಬರೀ ಕಾಕತಾಳೀಯ, ಆದರೂ ನೆನಪಿಟ್ಟುಕೊಳ್ಳೋಕೆ ಚೆನ್ನಾಗಿದೆ.

ಆ ಲ್ಯಾಬ್‌ನಲ್ಲಿದ್ದವರು ಬಹುತೇಕ ವಿದ್ಯಾರ್ಥಿಗಳೇ. ಪ್ರೋಟೋಕಾಲ್ ಹೇಗಿರಬೇಕು ಅಂತ ಹೇಳಿಕೊಡೋಕೆ ಮೇಲೆ ಯಾರೂ ಇರಲಿಲ್ಲ. ಹಾಗಾಗಿ ಅವರೇ ಬರೆದುಕೊಂಡು, ಒಬ್ಬರಿಗೊಬ್ಬರು ಕಳಿಸಿ ಅಭಿಪ್ರಾಯ ಕೇಳುತ್ತಿದ್ದರು. ಆ ಬರಹಗಳಿಗೆ ಆರ್‌ಎಫ್‌ಸಿ ಅಂತ ಹೆಸರು, ಅಂದರೆ ನಿಮ್ಮ ಅಭಿಪ್ರಾಯ ತಿಳಿಸಿ ಅನ್ನೋ ಕೋರಿಕೆ. ಮೊದಲನೆಯದನ್ನ 1969ರ ಏಪ್ರಿಲ್‌ನಲ್ಲಿ ಕ್ರಾಕರ್ ಬರೆದರು. ಈ ಬರಹಗಳನ್ನ ತಿದ್ದಿ, ನಂಬರ್ ಕೊಟ್ಟು, ಜೋಡಿಸಿಡೋ ಕೆಲಸ ಪೋಸ್ಟೆಲ್ ಕೈಗೆ ಬಂತು. ಸಾಯೋವರೆಗೂ ಅವರು ಅದನ್ನ ಬಿಡಲಿಲ್ಲ.

ಇದರ ಜೊತೆಗೆ ಇನ್ನೊಂದು ಕೆಲಸವೂ ಬಂತು, ಅದನ್ನ ಅವರೇ ಕೇಳಿ ತಗೊಂಡಿದ್ದು. 1972ರಲ್ಲಿ ಆರ್‌ಎಫ್‌ಸಿ 349 ಅನ್ನೋ ಪುಟ್ಟ ಟಿಪ್ಪಣಿ ಬರೆದರು. ಯಾವ ಸೇವೆಗೆ ಯಾವ ಸಾಕೆಟ್ ನಂಬರ್ ಅಂತ ಹಂಚೋಕೆ ಒಬ್ಬರು ಬೇಕು, ಅದು ನಾನೇ ಆಗಬಹುದಾ ಅನ್ನೋ ಅರ್ಥದಲ್ಲಿ, ಸ್ವಲ್ಪ ತಮಾಷೆಯಾಗಿ. ಯಾರೂ ಬೇಡ ಅನ್ನಲಿಲ್ಲ. ಆ ಪಟ್ಟಿ ಮುಂದಿನ 26 ವರ್ಷ ಅವರ ಹತ್ತಿರವೇ ಇತ್ತು.

ನಮ್ಮ ಹಳ್ಳಿಗಳಲ್ಲಿ ಹಿಂದೆ ಶಾನುಭೋಗರು ಇರುತ್ತಿದ್ದರು ಅಂತ ಅಜ್ಜ ಅಜ್ಜಿ ಹೇಳೋದು ಕೇಳಿರ್ತೀವಿ. ಯಾವ ಜಮೀನು ಯಾರದು, ಸರ್ವೆ ನಂಬರ್ ಎಷ್ಟು, ಕಂದಾಯ ಎಷ್ಟು ಅನ್ನೋ ಲೆಕ್ಕ ಎಲ್ಲ ಅವರ ಕಡತದಲ್ಲಿ. ಅವರು ಉಳಲ್ಲ, ಬಿತ್ತಲ್ಲ. ಆದರೆ ಅವರ ಕಡತ ಸರಿ ಇಲ್ಲದಿದ್ದರೆ ಅಣ್ಣತಮ್ಮಂದಿರು ಕೋರ್ಟ್ ಹತ್ತಬೇಕಾಗುತ್ತಿತ್ತು. ಪೋಸ್ಟೆಲ್ ಇಂಟರ್ನೆಟ್ಟಿಗೆ ಅಂಥ ಶಾನುಭೋಗರು. ಇಬ್ಬರು ಬೇರೆ ಬೇರೆ ಸೇವೆಗೆ ಒಂದೇ ನಂಬರ್ ಇಟ್ಟುಕೊಂಡರೆ ಜಗಳ ಖಚಿತ. ಆ ಜಗಳ ಶುರುವಾಗೋಕೆ ಮುಂಚೆಯೇ ಮುಗಿಸೋದು ಅವರ ಕೆಲಸ.

ಕೆಲವು ಕಡೆ ಕೆಲಸ ಮಾಡಿ, 1977ರಲ್ಲಿ ಪೋಸ್ಟೆಲ್ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಇನ್ಫರ್ಮೇಶನ್ ಸೈನ್ಸಸ್ ಇನ್‌ಸ್ಟಿಟ್ಯೂಟ್ ಸೇರಿದರು. ಕೊನೆವರೆಗೂ ಅಲ್ಲೇ ಇದ್ದರು. ಉದ್ದ ಗಡ್ಡ, ಕಾಲಿಗೆ ಸ್ಯಾಂಡಲ್, ರಜೆ ಸಿಕ್ಕರೆ ಸಿಯೆರಾ ಬೆಟ್ಟಗಳಲ್ಲಿ ಟ್ರೆಕ್ಕಿಂಗ್. ಪಟ್ಟಿಯ ಕೆಲಸದಲ್ಲಿ ಜಾಯ್ಸ್ ರೆನಾಲ್ಡ್ಸ್ ಅವರ ಜೊತೆಗಾರ್ತಿಯಾದರು. ಈ ಕೆಲಸಕ್ಕೆ ಮುಂದೆ ಇಂಟರ್ನೆಟ್ ಅಸೈನ್ಡ್ ನಂಬರ್ಸ್ ಅಥಾರಿಟಿ, ಚಿಕ್ಕದಾಗಿ ಐಯಾನಾ, ಅನ್ನೋ ದೊಡ್ಡ ಹೆಸರು ಬಂತು. ಹೆಸರು ಕೇಳಿದರೆ ದೊಡ್ಡ ಬಿಲ್ಡಿಂಗ್, ನೂರಾರು ಜನ ಅನ್ಸುತ್ತೆ. ತುಂಬಾ ವರ್ಷ ಅದು ಪೋಸ್ಟೆಲ್, ರೆನಾಲ್ಡ್ಸ್ ಮತ್ತು ಕೈಗೆ ಸಿಕ್ಕ ಕೆಲವು ಸಹಾಯಕರು, ಅಷ್ಟೇ.

ಪೋರ್ಟ್ 22ರ ಕಥೆ ಕೇಳಿದರೆ ಆ ಕಚೇರಿ ಹೇಗೆ ನಡೀತಿತ್ತು ಅಂತ ಗೊತ್ತಾಗುತ್ತೆ. 1995ರಲ್ಲಿ ಫಿನ್‌ಲೆಂಡ್‌ನ ಟಾಟು ಯ್ಲೋನೆನ್ ಎಸ್‌ಎಸ್‌ಎಚ್ ಬರೆದರು. ಎಫ್‌ಟಿಪಿಗೆ 21, ಟೆಲ್ನೆಟ್‌ಗೆ 23, ನಡುವೆ 22 ಖಾಲಿ ಇತ್ತು. ಅದು ಕೊಡಿ ಅಂತ ಐಯಾನಾಗೆ ಒಂದು ಇಮೇಲ್ ಹಾಕಿದರು. ಮಾರನೇ ದಿನ ರೆನಾಲ್ಡ್ಸ್ ಕೊಟ್ಟೆವು ಅಂತ ಉತ್ತರ ಬರೆದರು. ಫೀಸ್ ಇಲ್ಲ, ಕಮಿಟಿ ಇಲ್ಲ, ಶಿಫಾರಸು ಇಲ್ಲ. ನಾವು ಕಾಲೇಜಿನಲ್ಲಿ ಒಂದು ಬೊನಾಫೈಡ್ ಸರ್ಟಿಫಿಕೇಟ್ ತಗೊಳ್ಳೋಕೆ ಇದಕ್ಕಿಂತ ಜಾಸ್ತಿ ಓಡಾಡ್ತೀವಿ.

ಬರೀ ಪಟ್ಟಿ ಬರೆದವರು ಅಂತ ಅಂದುಕೊಂಡರೆ ತಪ್ಪಾಗುತ್ತೆ. ಟಿಸಿಪಿ ಮೊದಲು ಒಂದೇ ದೊಡ್ಡ ಪ್ರೋಟೋಕಾಲ್ ಆಗಿತ್ತು. ದಾರಿ ಹುಡುಕೋದೂ ಅದೇ, ಡೇಟಾ ಸರಿಯಾಗಿ ತಲುಪಿಸೋದೂ ಅದೇ. ಇದು ಪದರಗಳ ನಿಯಮವನ್ನ ಮುರಿಯುತ್ತೆ, ಎರಡನ್ನೂ ಬೇರೆ ಮಾಡಬೇಕು ಅಂತ 1977ರ ಆಗಸ್ಟ್‌ನಲ್ಲೇ ಖಡಕ್ಕಾಗಿ ಬರೆದವರು ಪೋಸ್ಟೆಲ್. ಮುಂದಿನ ವರ್ಷ ಸರ್ಫ್, ಡ್ಯಾನಿ ಕೋಹೆನ್ ಜೊತೆ ಸೇರಿ ಅದನ್ನ ಬೇರೆ ಮಾಡಿದರು. ಐಪಿ ಒಂದು ಕಡೆ, ಟಿಸಿಪಿ ಒಂದು ಕಡೆ. 1980ರಲ್ಲಿ ಯುಡಿಪಿ ಬರೆದರು, ಅದು ಬರೀ ಮೂರು ಪುಟ. 1981ರ ಸೆಪ್ಟೆಂಬರ್‌ನಲ್ಲಿ ಬಂದ ಐಪಿ, ಐಸಿಎಂಪಿ, ಟಿಸಿಪಿಯ ಆರ್‌ಎಫ್‌ಸಿಗಳು, ಅಂದರೆ 791, 792, 793, ಅವರ ಕೈಯಿಂದಲೇ ಬಂದವು. 1982ರಲ್ಲಿ ಮೇಲ್‌ಗೆ ಎಸ್‌ಎಂಟಿಪಿ. ನಾವು ಕಳಿಸೋದನ್ನ ನಿಯಮದಂತೆ ಕಟ್ಟುನಿಟ್ಟಾಗಿ ಕಳಿಸಬೇಕು, ಬೇರೆಯವರು ಕಳಿಸಿದ್ದರಲ್ಲಿ ಸಣ್ಣಪುಟ್ಟ ಹೆಚ್ಚುಕಮ್ಮಿ ಇದ್ದರೆ ಸಹಿಸಿಕೊಳ್ಳಬೇಕು ಅನ್ನೋ ತತ್ವವೂ ಅವರದೇ. ಇವತ್ತು ಸೆಕ್ಯುರಿಟಿ ಓದೋರು ಅತಿ ಸಹನೆಯಿಂದ ತೊಂದರೆ ಆಗುತ್ತೆ ಅಂತ ವಾದ ಮಾಡ್ತಾರೆ, ಅದೂ ಸರಿಯೇ. ಆದರೆ ಒಂದೊಂದು ಯೂನಿವರ್ಸಿಟಿ ಒಂದೊಂದು ಥರ ಕೋಡ್ ಬರೆಯುತ್ತಿದ್ದ ಆ ಕಾಲದಲ್ಲಿ ಆ ಸಹನೆ ಇಲ್ಲದಿದ್ದರೆ ಯಾವ ಯಂತ್ರವೂ ಇನ್ನೊಂದರ ಜೊತೆ ಮಾತಾಡುತ್ತಿರಲಿಲ್ಲ.

ಈಗ ಹೆಸರುಗಳ ವಿಷಯ. ಆರ್ಪಾನೆಟ್‌ನಲ್ಲಿ ಎಲ್ಲ ಕಂಪ್ಯೂಟರ್‌ಗಳ ಹೆಸರು ಮತ್ತು ವಿಳಾಸ ಒಂದೇ ಫೈಲ್‌ನಲ್ಲಿ ಇತ್ತು. ಎಲಿಜಬೆತ್ ಫೈನ್ಲರ್ ಅವರ ತಂಡ ಅದನ್ನ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನಲ್ಲಿ ನೋಡಿಕೊಳ್ಳುತ್ತಿತ್ತು. ಉಳಿದವರೆಲ್ಲ ಆ ಫೈಲ್ ಕಾಪಿ ಮಾಡಿಕೊಳ್ಳಬೇಕು. ಯಂತ್ರಗಳು ಜಾಸ್ತಿ ಆದ ಹಾಗೆ ಕಾಪಿಗಳು ಹಳೆಯದಾಗತೊಡಗಿದವು. ಅಲ್ಲಿ ಬದಲಾಗಿದೆ, ಇಲ್ಲಿ ಇನ್ನೂ ನಿನ್ನೆಯದೇ ಇದೆ. ಪರಿಹಾರ ಹುಡುಕೋ ಕೆಲಸವನ್ನ ಪೋಸ್ಟೆಲ್ ತಮ್ಮ ಸಂಸ್ಥೆಯ ಪಾಲ್ ಮೊಕಪೆಟ್ರಿಸ್‌ಗೆ ಕೊಟ್ಟರು. 1983ರಲ್ಲಿ ಡಿಎನ್‌ಎಸ್ ಬಂತು. ಇದರ ಮುಖ್ಯ ಐಡಿಯಾ ಸಿಂಪಲ್: ಪಟ್ಟಿಯನ್ನ ಎಲ್ಲರೂ ಮನೆಯಲ್ಲಿ ಇಟ್ಟುಕೊಳ್ಳೋದು ಬೇಡ, ಬೇಕಾದಾಗ ಗೊತ್ತಿರೋರನ್ನ ಕೇಳಿ. 1984ರಲ್ಲಿ ಪೋಸ್ಟೆಲ್ ಮತ್ತು ರೆನಾಲ್ಡ್ಸ್ ಡಾಟ್ ಕಾಮ್, ಡಾಟ್ ಎಜು, ಡಾಟ್ ಗವ್, ಡಾಟ್ ಮಿಲ್, ಡಾಟ್ ಆರ್ಗ್ ಅನ್ನೋ ಮೇಲಿನ ಹಂತವನ್ನ ವಿವರಿಸಿ ಬರೆದರು.

ದೇಶಗಳ ಹೆಸರು ಬಂದಾಗ ದೊಡ್ಡ ತಲೆನೋವು. ಯಾವುದು ದೇಶ, ಯಾವುದು ಅಲ್ಲ ಅಂತ ಹೇಳೋಕೆ ಹೋದರೆ ಯುದ್ಧವೇ ಆಗಬಹುದು. ಪೋಸ್ಟೆಲ್ ಜಾಣತನದಿಂದ ಆ ಕೆಲಸ ತಮ್ಮ ಮೇಲೆ ಹಾಕಿಕೊಳ್ಳಲಿಲ್ಲ. ಐಎಸ್‌ಒ 3166 ಅನ್ನೋ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಎರಡಕ್ಷರದ ಕೋಡ್ ಇದ್ದರೆ ಅದಕ್ಕೆ ಡೊಮೇನ್, ಇಲ್ಲದಿದ್ದರೆ ಇಲ್ಲ. ದೇಶ ಯಾವುದು ಅಂತ ತೀರ್ಮಾನಿಸೋದು ಐಯಾನಾ ಕೆಲಸ ಅಲ್ಲ ಅಂತ 1994ರ ಆರ್‌ಎಫ್‌ಸಿ 1591ರಲ್ಲಿ ಬರೆದೇ ಬಿಟ್ಟರು. ನಮ್ಮ ಡಾಟ್ ಇನ್ 1989ರಲ್ಲಿ ಇದೇ ಪಟ್ಟಿಗೆ ಸೇರಿದ್ದು. ಡೊಮೇನ್ ನೋಡಿಕೊಳ್ಳೋರಿಗೆ ಅದರ ಮೇಲೆ ಹಕ್ಕಿಗಿಂತ ಜವಾಬ್ದಾರಿ ದೊಡ್ಡದು ಅನ್ನೋದು ಆ ಬರಹದ ಸಾರ.

ಈಗ ಶುರುವಿನಲ್ಲಿ ಬಿಟ್ಟಿದ್ದ ಪ್ರಶ್ನೆಗೆ ಬರೋಣ. ಪೋರ್ಟ್ ನಂಬರ್‌ಗೆ ಪಟ್ಟಿ ಇದೆ, ಡೊಮೇನ್‌ಗೆ ಪಟ್ಟಿ ಇದೆ. ನೆಟ್‌ವರ್ಕ್ ಕಾರ್ಡಿನ ಹೆಸರಿಗೆ ಯಾಕಿಲ್ಲ? ಯಾಕಂದರೆ ಆ ಹೆಸರು ಯಂತ್ರದ ಆಚೆ ಹೋಗಲ್ಲ. ಐಪಿ ಪ್ಯಾಕೆಟ್ ಬಿಚ್ಚಿ ನೋಡಿದರೆ ಅದರಲ್ಲಿ ವಿಳಾಸ ಇರುತ್ತೆ, ಈಥ್0 ಅಂತ ಎಲ್ಲೂ ಇರಲ್ಲ. ಊರಲ್ಲಿ ನಮ್ಮ ಜಮೀನಿಗೆ ಬಾವಿ ಹೊಲ, ಬೇವಿನಮರದ ಹೊಲ ಅಂತ ಮನೆಮಂದಿ ಕರೀತಾರೆ. ತಾಲ್ಲೂಕು ಕಚೇರಿಗೆ ಬೇಕಾಗಿರೋದು ಸರ್ವೆ ನಂಬರ್ ಮಾತ್ರ. ಇಂಟರ್‌ಫೇಸ್ ಹೆಸರು ಬಾವಿ ಹೊಲ ಇದ್ದ ಹಾಗೆ.

ಆದರೆ ಮನೆಯೊಳಗೇ ಒಂದು ಹೆಸರು ಇವತ್ತು ಒಂದು ಹೊಲಕ್ಕೆ, ನಾಳೆ ಇನ್ನೊಂದಕ್ಕೆ ಅಂತಾದರೆ? ಲಿನಕ್ಸ್‌ನಲ್ಲಿ ಆಗಿದ್ದು ಅದೇ. ಕರ್ನಲ್ ಕಾರ್ಡುಗಳನ್ನ ಕಂಡ ಕ್ರಮದಲ್ಲಿ ಈಥ್0, ಈಥ್1 ಅಂತ ಹೆಸರಿಡುತ್ತೆ. ಎರಡು ಕಾರ್ಡ್ ಇದ್ದರೆ ರೀಬೂಟ್ ಆದಾಗ ಕ್ರಮ ತಿರುಗಬಹುದು. ಒಳಗಿನ ಜಾಲಕ್ಕೆ ಬರೆದ ಫೈರ್‌ವಾಲ್ ನಿಯಮ ಹೊರಗಿನ ಕಾರ್ಡಿಗೆ ಅಂಟಿಕೊಂಡರೆ ಏನಾಗುತ್ತೆ ಯೋಚಿಸಿ. ಇದಕ್ಕೆ ಯುಡೆವ್ ಅನ್ನೋ ಭಾಗ ಒಂದು ದಾರಿ ಮಾಡಿತು. ಕಾರ್ಡಿನ ಮ್ಯಾಕ್ ವಿಳಾಸವನ್ನ ಒಂದು ಫೈಲ್‌ನಲ್ಲಿ ಬರೆದಿಟ್ಟು, ಈ ಮ್ಯಾಕ್ ಇದ್ದರೆ ಈಥ್0 ಅಂತ ಗಟ್ಟಿ ಮಾಡಿತು.

ಕ್ಲೌಡ್ ಬಂದಾಗ ಆ ಪರಿಹಾರವೇ ಸಮಸ್ಯೆ ಆಯ್ತು. ಕ್ಲೌಡ್‌ನಲ್ಲಿ ಒಂದು ಇಮೇಜ್‌ನಿಂದ ಸಾವಿರಾರು ಯಂತ್ರ ಹುಟ್ಟುತ್ತೆ, ಪ್ರತಿಯೊಂದಕ್ಕೂ ಮ್ಯಾಕ್ ಬೇರೆ. ಇಮೇಜ್ ಒಳಗೆ ಹಳೇ ಯಂತ್ರದ ಮ್ಯಾಕ್‌ಗೆ ಈಥ್0 ಅಂತ ಬರೆದಿದ್ದರೆ, ಹೊಸ ಯಂತ್ರದ ಕಾರ್ಡ್ ಈಥ್1 ಆಗುತ್ತೆ. ಸೆಟ್ಟಿಂಗ್ ಇರೋದು ಈಥ್0ಗೆ. ಯಂತ್ರ ಬೂಟ್ ಆಗುತ್ತೆ, ನೆಟ್‌ವರ್ಕ್ ಬರಲ್ಲ, ಸರಿ ಮಾಡೋಣ ಅಂತ ಒಳಗೆ ಹೋಗೋಕೆ ಎಸ್‌ಎಸ್‌ಎಚ್ ಕೂಡ ಇಲ್ಲ. ಹಾಗಾಗಿ ಇಮೇಜ್ ಮಾಡೋರು ಆ ಫೈಲ್ ಅಳಿಸಿಯೇ ಇಮೇಜ್ ತೆಗೆಯುತ್ತಿದ್ದರು.

2013ರಲ್ಲಿ ಸಿಸ್ಟಮ್‌ಡಿ ಬೇರೆ ಕ್ರಮ ತಂತು. ಕಾರ್ಡ್ ಎಲ್ಲಿ ಕೂತಿದೆ ಅನ್ನೋದರಿಂದಲೇ ಹೆಸರು. ಇಎನ್ ಅಂದರೆ ಈಥರ್ನೆಟ್, ಪಿ0 ಅಂದರೆ ಪಿಸಿಐ ಬಸ್ 0, ಎಸ್3 ಅಂದರೆ ಸ್ಲಾಟ್ 3. ಇದು ಒಂದೇ ಯಂತ್ರದಲ್ಲಿ ಬದಲಾಗಲ್ಲ, ಆದರೆ ಕ್ಲೌಡ್‌ನಿಂದ ಕ್ಲೌಡ್‌ಗೆ ಬದಲಾಗುತ್ತೆ, ಯಾಕಂದರೆ ವರ್ಚುವಲ್ ಹಾರ್ಡ್‌ವೇರ್ ಬೇರೆ. ಅದಕ್ಕೇ ಕೆಲವು ಇಮೇಜ್‌ಗಳು ಬೂಟ್ ಮಾಡುವಾಗ ಈ ಕ್ರಮವನ್ನ ಆಫ್ ಮಾಡಿ ಹಳೇ ಈಥ್0ಗೇ ವಾಪಸ್ ಹೋಗುತ್ತವೆ. ಇನ್ನು ಕೆಲವು ಕ್ಲೌಡ್-ಇನಿಟ್ ಬಳಸಿ, ನನ್ನ ಕಾರ್ಡಿನ ಮ್ಯಾಕ್ ಯಾವುದು, ವಿಳಾಸ ಏನು ಅಂತ ಬೂಟ್ ಆದಾಗ ಕ್ಲೌಡನ್ನೇ ಕೇಳಿ, ಉತ್ತರ ನೋಡಿ ಹೆಸರು ಹೊಂದಿಸುತ್ತವೆ. ಗಮನಿಸಿ, ಇದು 1983ರಲ್ಲಿ ಡಿಎನ್‌ಎಸ್ ಕಲಿಸಿದ ಪಾಠವೇ. ಕಾಪಿ ಇಟ್ಟುಕೊಳ್ಳಬೇಡಿ, ಗೊತ್ತಿರೋರನ್ನ ಕೇಳಿ.

ಆದರೆ ಕೇಳಿದಾಗ ಸರಿ ಉತ್ತರ ಕೊಡೋರು ಯಾರು, ಅವರನ್ನ ಯಾಕೆ ನಂಬಬೇಕು? ಪೋಸ್ಟೆಲ್ ಜೀವನದ ಕೊನೆಯ ವರ್ಷ ಪೂರ್ತಿ ಇದೇ ಪ್ರಶ್ನೆ.

1990ರ ದಶಕದಲ್ಲಿ ಇಂಟರ್ನೆಟ್‌ಗೆ ದುಡ್ಡು ಬಂತು. ಡಾಟ್ ಕಾಮ್ ನೋಂದಣಿ ನಡೆಸುತ್ತಿದ್ದ ನೆಟ್‌ವರ್ಕ್ ಸೊಲ್ಯೂಷನ್ಸ್ ಕಂಪನಿ 1995ರಿಂದ ಒಂದು ಹೆಸರಿಗೆ ವರ್ಷಕ್ಕೆ 50 ಡಾಲರ್ ತಗೊಳ್ಳೋಕೆ ಶುರು ಮಾಡಿತು. ಬಿಟ್ಟಿ ಸಿಗುತ್ತಿದ್ದ ಹೆಸರು ಈಗ ವ್ಯಾಪಾರ. ರೂಟ್ ಯಾರ ಕೈಯಲ್ಲಿರಬೇಕು ಅಂತ ಕಂಪನಿಗಳು, ಅಮೆರಿಕ ಸರ್ಕಾರ, ಎಂಜಿನಿಯರ್‌ಗಳು ಎಲ್ಲ ಜಗ್ಗಾಡತೊಡಗಿದರು. 1998ರ ಜನವರಿ 28ರಂದು ಪೋಸ್ಟೆಲ್ ಎಂಟು ರೂಟ್ ಸರ್ವರ್ ನಡೆಸುವವರಿಗೆ ಇಮೇಲ್ ಕಳಿಸಿದರು. ಮೂಲ ಪಟ್ಟಿಯನ್ನ ಇನ್ಮೇಲೆ ಆ ಕಂಪನಿಯ ಸರ್ವರ್‌ನಿಂದ ಅಲ್ಲ, ಐಯಾನಾ ಸರ್ವರ್‌ನಿಂದ ತಗೊಳ್ಳಿ ಅಂತ. ಅವರು ತಗೊಂಡರು. ಪಟ್ಟಿ ಅದೇ ಆಗಿದ್ದರಿಂದ ಬಳಸೋ ಜನಕ್ಕೆ ಏನೂ ಗೊತ್ತಾಗಲಿಲ್ಲ. ಆದರೆ ಸರ್ಕಾರಕ್ಕೆ ಗೊತ್ತಾಯ್ತು. ಹಿರಿಯ ಅಧಿಕಾರಿಗಳಿಂದ ವಾಪಸ್ ಮಾಡಿ ಅಂತ ಸೂಚನೆ ಬಂತು. ಪೋಸ್ಟೆಲ್ ಇದೊಂದು ಪರೀಕ್ಷೆ ಅಂತ ಹೇಳಿ ಮೊದಲಿನ ಹಾಗೆ ಮಾಡಿದರು.

ಈ ಘಟನೆ ಬಗ್ಗೆ ನಮ್ಮಲ್ಲೇ ಎರಡು ಅಭಿಪ್ರಾಯ ಇದೆ. ಜನ ಕಟ್ಟಿದ ಜಾಲ ಒಂದು ಕಂಪನಿಯ ಆಸ್ತಿ ಅಲ್ಲ ಅಂತ ತೋರಿಸೋಕೆ ಅವರು ಮಾಡಿದ್ದು ಸರಿ ಅನ್ಸುತ್ತೆ. ಒಬ್ಬ ಮನುಷ್ಯ ಒಂದು ಇಮೇಲ್‌ನಲ್ಲಿ ಇಂಟರ್ನೆಟ್ಟಿನ ಬೇರನ್ನೇ ಕದಲಿಸಬಹುದು ಅಂದರೆ ಭಯವೂ ಆಗುತ್ತೆ. ಊರಿನ ಎಲ್ಲ ಕಡತ ಒಬ್ಬ ಶಾನುಭೋಗರ ಪೆಟ್ಟಿಗೆಯಲ್ಲಿ ಇದ್ದರೆ, ಅವರು ಎಷ್ಟೇ ಪ್ರಾಮಾಣಿಕರಾಗಿದ್ದರೂ, ಅವರ ನಂತರ ಯಾರು ಅನ್ನೋ ಪ್ರಶ್ನೆ ಉಳಿಯುತ್ತೆ. ಪೋಸ್ಟೆಲ್‌ಗೆ ಇದು ನಮಗಿಂತ ಚೆನ್ನಾಗಿ ಗೊತ್ತಿತ್ತು. ಪಟ್ಟಿಯನ್ನ ತಮ್ಮಿಂದ ಒಂದು ಸಂಸ್ಥೆಗೆ ದಾಟಿಸೋಕೆ ಅವರೇ ಕೆಲಸ ಮಾಡುತ್ತಿದ್ದರು. 1998ರ ಸೆಪ್ಟೆಂಬರ್‌ನಲ್ಲಿ ಐಕ್ಯಾನ್ ಹುಟ್ಟಿತು.

ಅದು ಕಣ್ಣು ಬಿಡೋ ಹೊತ್ತಿಗೆ ಅವರು ಇರಲಿಲ್ಲ. 1998ರ ಅಕ್ಟೋಬರ್ 16ರಂದು, ಹೃದಯದ ಶಸ್ತ್ರಚಿಕಿತ್ಸೆಯ ನಂತರದ ತೊಂದರೆಯಿಂದ, ಲಾಸ್ ಏಂಜಲೀಸ್‌ನಲ್ಲಿ ಪೋಸ್ಟೆಲ್ ತೀರಿಕೊಂಡರು. ವಯಸ್ಸು 55. ಅವರ ಹಳೇ ಸ್ಕೂಲಿನ ಗೆಳೆಯ ವಿಂಟ್ ಸರ್ಫ್ ಶ್ರದ್ಧಾಂಜಲಿ ಬರೆದರು, ಅದನ್ನ ಆರ್‌ಎಫ್‌ಸಿ 2468 ಅಂತ ಪ್ರಕಟಿಸಿದರು. ಜೀವನ ಪೂರ್ತಿ ಬೇರೆಯವರ ಬರಹಕ್ಕೆ ನಂಬರ್ ಕೊಟ್ಟವರ ಸಾವಿಗೂ ಒಂದು ನಂಬರ್ ಸಿಕ್ಕಿತು. 1999ರಿಂದ ಇಂಟರ್ನೆಟ್ ಸೊಸೈಟಿ ಅವರ ಹೆಸರಿನಲ್ಲಿ ಸೇವಾ ಪ್ರಶಸ್ತಿ ಕೊಡುತ್ತಿದೆ.

ಪಟ್ಟಿ ನಿಲ್ಲಲಿಲ್ಲ. 2016ರಲ್ಲಿ ಅಮೆರಿಕ ಸರ್ಕಾರದ ಕಾಂಟ್ರ್ಯಾಕ್ಟ್ ಕೂಡ ಮುಗಿದು, ಐಯಾನಾ ಕೆಲಸ ಸ್ವತಂತ್ರವಾಗಿ ನಡೀತಿದೆ. ಬರೀ ಇಂಗ್ಲಿಷ್ ಅಕ್ಷರಗಳಿದ್ದ ಅದೇ ರೂಟ್ ಪಟ್ಟಿಯಲ್ಲಿ ಈಗ ಕನ್ನಡ ಲಿಪಿಯಲ್ಲೇ ಬರೆದ ಡಾಟ್ ಭಾರತ ಅನ್ನೋ ಸಾಲೂ ಇದೆ. ನಾವು ಕನ್ನಡದಲ್ಲಿ ಒಂದು ವಿಳಾಸ ಟೈಪ್ ಮಾಡಬಹುದು, ಪ್ರಪಂಚದ ಯಾವ ಮೂಲೆಯ ಸರ್ವರ್ ಆದರೂ ಅದಕ್ಕೆ ಉತ್ತರ ಹುಡುಕುತ್ತೆ.

ನಮ್ಮ ಟೀಮ್ ಪ್ರಾಜೆಕ್ಟ್‌ಗಳಲ್ಲಿ ಎಲ್ಲರಿಗೂ ಕೋಡ್ ಬರೀಬೇಕು. ಡಾಕ್ಯುಮೆಂಟ್ ಬರೆಯೋದು, ವರ್ಷನ್ ನಂಬರ್ ನೋಡಿಕೊಳ್ಳೋದು, ಯಾವ ಪೋರ್ಟ್ ಯಾರು ಬಳಸ್ತಿದ್ದಾರೆ ಅಂತ ಬರೆದಿಡೋದು ಯಾರಿಗೂ ಬೇಡ. ಒಬ್ಬರು ಆ ಬೇಡದ ಕೆಲಸವನ್ನ ಸುಮಾರು 30 ವರ್ಷ ತಪ್ಪದೆ, ಯಾರಿಗೂ ಭೇದ ಮಾಡದೆ ಮಾಡಿದರು. ಅದರ ಮೇಲೆ ಇಂಟರ್ನೆಟ್ ನಿಂತಿದೆ. ಮುಂದಿನ ಪ್ರಾಜೆಕ್ಟ್‌ನಲ್ಲಿ ಪಟ್ಟಿ ಯಾರು ಬರೀತೀರಾ ಅಂತ ಕೇಳಿದಾಗ ನಾವೇ ಕೈ ಎತ್ತೋಣ.